ಅಲಾ-ಕುಲ್ ಚಾರಣಕ್ಕೆ ಮೊದಲು ಬಿಷ್ಕೆಕ್‌ನಲ್ಲಿ ಮೂರು ದಿನ ಉಳಿಯಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಎರಡನೆಯ ವಾರದಲ್ಲಿ ನಾವು ನಾಲ್ವರು ಕಿರ್ಗಿಸ್ತಾನಕ್ಕೆ ಹೊರಟಿದ್ದೇವೆ. ನಾನು, ನನ್ನ ತಂಗಿ, ಅವಳ ಗಂಡ ಮತ್ತು ಅರವತ್ತೊಂದು ವರ್ಷದ ನಮ್ಮ ಚಿಕ್ಕಪ್ಪ. ಕರಾಕೋಲ್ ಊರಿನಿಂದ ಹೊರಟು ಅಲಾ-ಕುಲ್ ಸರೋವರವನ್ನು ನೋಡಿ, ಕಣಿವೆದಾರಿಯನ್ನು ದಾಟಿ ಬಿಸಿನೀರಿನ ಬುಗ್ಗೆಗಳಿರುವ ಅಲ್ತಿನ್ ಅರಶಾನಿಗೆ ಇಳಿಯುವ ಚಾರಣ ನಮ್ಮದು. ಇ-ವೀಸಾ ಕೈಗೆ ಬಂದಿದೆ. ದೆಹಲಿಯ ಮೂಲಕ ಶುಕ್ರವಾರ ಬೆಳಗ್ಗೆ ಬಿಷ್ಕೆಕ್‌ನಲ್ಲಿ ಇಳಿಯುತ್ತೇವೆ, ಮಂಗಳವಾರ ಬೆಳಗ್ಗೆ ಕರಾಕೋಲ್‌ನಲ್ಲಿ ಮಾರ್ಗದರ್ಶಿ ಸಿಗುತ್ತಾನೆ. ನಡುವಿನ ದಿನಗಳನ್ನು ರಾಜಧಾನಿಯಲ್ಲಿ ಕಳೆಯುವುದು ಒಳ್ಳೆಯದೇ ಅಥವಾ ಅದು ಬರೀ ಹೋಟೆಲ್ ಖರ್ಚೇ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ವಿಷಯ. ವಯಸ್ಸಾದವರು ಜೊತೆಗಿರುವುದರಿಂದ ಎತ್ತರಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು ಎಂದು ತಂಗಿ ಹೇಳುತ್ತಾಳೆ. ಭಾವನವರಿಗೆ ಊರು ನೋಡುವುದರಲ್ಲಿ ಆಸಕ್ತಿಯಿಲ್ಲ. ಚಿಕ್ಕಪ್ಪ ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ನೇರನಡೆ

ಎತ್ತರಕ್ಕೆ ಹೊಂದಿಕೊಳ್ಳುವ ಸಲುವಾಗಿ ಬಿಷ್ಕೆಕ್‌ನಲ್ಲಿ ಉಳಿಯುತ್ತೀರಾದರೆ ಆ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಬಿಷ್ಕೆಕ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರು 900 ಮೀಟರಿನ ಮೇಲಿದೆ. ಬೆಂಗಳೂರಿನಿಂದ ಹೊರಟವರು ಅಲ್ಲಿಗೆ ಹೋದರೆ ಇಳಿದಂತಾಗುತ್ತದೆಯೇ ಹೊರತು ಏರಿದಂತಾಗುವುದಿಲ್ಲ. ಕರಾಕೋಲ್ ಸುಮಾರು 1,700 ಮೀಟರಿನಲ್ಲಿದೆ, ಅಂದರೆ ಕುಮಾರಪರ್ವತದ ತುದಿಯಲ್ಲೇ ಒಂದು ಊರು ಇದ್ದಂತೆ. ಮೂರು ರಾತ್ರಿಗಳನ್ನು ಎಲ್ಲಾದರೂ ಕಳೆಯಲೇಬೇಕಾದರೆ ಅಲ್ಲಿ ಕಳೆಯಿರಿ. ಬೇಸಿಗೆಯಲ್ಲಿ ಬಿಷ್ಕೆಕ್‌ನ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, ಚಾರಣಕ್ಕೆ ಕೂಡಿಟ್ಟ ಕಸುವನ್ನೆಲ್ಲ ಡಾಂಬರು ರಸ್ತೆಯಲ್ಲಿ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ನಾನು ವಿಮಾನ ಇಳಿದ ದಿನವೇ ಪಶ್ಚಿಮ ಬಸ್ ನಿಲ್ದಾಣಕ್ಕೆ ಹೋಗಿ ಮರ್ಶ್ರೂತ್ಕಾ ಹತ್ತಿದವನು. ಅಲ್ಲಿ ಓಡುವ ಸಣ್ಣ ವ್ಯಾನುಗಳಿಗೆ ಆ ಹೆಸರು. ಆಸನಗಳು ತುಂಬಿದ ಕೂಡಲೇ ಹೊರಡುತ್ತವೆ, ಆರೇಳು ಗಂಟೆಯಲ್ಲಿ ಕರಾಕೋಲ್ ಮುಟ್ಟಿಸುತ್ತವೆ.

ಕಾಡುಮಲ್ಲಿಗೆ

ನೇರನಡೆಯವರು ಎತ್ತರದ ಬಗ್ಗೆ ಹೇಳಿರುವ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅವರ ಚೀಲ ಅವರ ಜೊತೆಯಲ್ಲೇ ಬಂದಿತ್ತು ಎಂಬುದನ್ನು ಅವರು ಮರೆತಂತಿದೆ. ನನ್ನದು ಬಂದಿರಲಿಲ್ಲ.

ನಡುವೆ ವಿಮಾನ ಬದಲಿಸುವಾಗ ಸಿಕ್ಕಿದ ಸಮಯ ಕಡಿಮೆಯಿತ್ತು, ನಾನು ಹತ್ತಿದೆ, ಚೀಲ ಹತ್ತಲಿಲ್ಲ. ಮನಾಸ್ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ಕೊನೆಯ ಸೂಟ್‌ಕೇಸು ಮೂರನೆಯ ಸುತ್ತು ಬರುವವರೆಗೂ ನಿಂತಿದ್ದು, ಆಮೇಲೆ ಕಾಲಿನಲ್ಲಿದ್ದ ಚಪ್ಪಲಿಯಲ್ಲೇ ಊರೊಳಗೆ ಹೋದೆ. ಆ ವಿಮಾನ ಕಂಪನಿಯ ಮೇಜಿನಲ್ಲಿದ್ದವರು ಎರಡು ದಿನ ಬೇಕು ಎಂದರು, ಬರೋಬ್ಬರಿ ಎರಡು ದಿನವೇ ಆಯಿತು. ಚೀಲದ ಚೀಟಿಯಲ್ಲಿ ಎಫ್‌ಆರ್‌ಯು ಎಂಬ ಅಕ್ಷರಗಳನ್ನು ನೋಡಿ ಬೇರೆಲ್ಲಿಗೋ ಕಳಿಸಿದ್ದಾರೆಂದು ಒಂದು ಕ್ಷಣ ಎದೆ ಹೊಡೆದುಕೊಂಡಿತು. 1926ರಿಂದ 1991ರವರೆಗೆ ಆ ಊರಿನ ಹೆಸರು ಫ್ರುಂಜೆ ಎಂದಿತ್ತು, ಊರಿನ ಹೆಸರು ಬದಲಾದರೂ ನಿಲ್ದಾಣದ ಸಂಕೇತ ಆಗಿನ್ನೂ ಬದಲಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಿಮ್ಮ ಚೀಟಿಯಲ್ಲಿ ಬೇರೆ ಅಕ್ಷರಗಳಿದ್ದರೂ ಗಾಬರಿಯಾಗಬೇಡಿ.

ನಾನು ಹೇಳುವುದಿಷ್ಟು. ಚೀಲ ತಡವಾದರೆ ಅದು ಬರುವುದು ಬಿಷ್ಕೆಕ್‌ಗೆ, ಕರಾಕೋಲ್‌ಗಲ್ಲ. ಅಂದೇ ಮರ್ಶ್ರೂತ್ಕಾ ಹತ್ತಿದ್ದರೆ ನಾನು 400 ಕಿಲೋಮೀಟರ್ ವಾಪಸು ಬರಬೇಕಾಗುತ್ತಿತ್ತು. ಆದ್ದರಿಂದ ನಡೆಯುವ ಬೂಟನ್ನು ಕಾಲಿಗೆ ಹಾಕಿಕೊಂಡೇ ವಿಮಾನ ಹತ್ತಿ, ಮಳೆ ಅಂಗಿ ಮತ್ತು ಔಷಧಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಹಾಗೂ ಒಂದು ಇಡೀ ದಿನವನ್ನು ಇಂಥದ್ದಕ್ಕೆಂದೇ ಮೀಸಲಿಡಿ. ಆ ದಿನ ಬೇಕಾಗದೆ ಹೋದರೆ ಓಕ್ ಮರಗಳ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನಿ.

ಓದಿದ್ದು_ಅಲ್ಲೇ

ನಾನು ದಾವಣಗೆರೆಯವನು, ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಾ ಆರು ವರ್ಷ ಇದ್ದೆ. ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಅಲ್ಲಿದ್ದಾರೆ, ಕನ್ನಡದವರೂ ಸಾಕಷ್ಟು ಸಿಗುತ್ತಾರೆ. ತುಂಗಾತೀರ ಅವರೇ, ಊರು ನೋಡುವ ಆಸಕ್ತಿ ಇರಲಿ ಬಿಡಲಿ, ನಿಮಗೆ ಅಲ್ಲಿ ಒಂದು ದಿನದ ಕೆಲಸ ಇದ್ದೇ ಇದೆ.

ಮೊದಲನೆಯದು ಗ್ಯಾಸ್. ಒಲೆಗೆ ಹಾಕುವ ತಿರುಪಿನ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಇಳಿದ ಮೇಲೆಯೇ ಕೊಳ್ಳಬೇಕು. ಬಿಷ್ಕೆಕ್‌ನ ಚಾರಣದ ಅಂಗಡಿಗಳಲ್ಲಿ ಸಿಗುತ್ತದೆ, ಕರಾಕೋಲ್‌ನಲ್ಲೂ ಸಿಗಬಹುದು, ಆದರೆ ಆಗಸ್ಟ್ ನಡುವಿನಲ್ಲಿ ಅಲ್ಲಿ ಮುಗಿದುಹೋಗಿದ್ದನ್ನು ನಾನೇ ನೋಡಿದ್ದೇನೆ. ಅಲ್ಲಿನವರು ಹೆಚ್ಚಾಗಿ ಬಳಸುವುದು ಉದ್ದನೆಯ, ತಿರುಪಿಲ್ಲದ ಡಬ್ಬಿಯನ್ನು. ನಿಮ್ಮ ಒಲೆಯ ತಲೆಯನ್ನು ಅಂಗಡಿಗೇ ಒಯ್ದು ಕೂಡಿಸಿ ನೋಡಿ ತೆಗೆದುಕೊಳ್ಳಿ.

ಎರಡನೆಯದು ಹಣ. ನಮ್ಮ ಯುಪಿಐ ಅಭ್ಯಾಸವನ್ನು ದೆಹಲಿಯಲ್ಲೇ ಬಿಟ್ಟು ಡಾಲರ್ ನೋಟುಗಳನ್ನು ಒಯ್ಯಬೇಕು, ಅದೂ ಗೀಟು, ಮಡಿಕೆ, ಮುದ್ರೆ ಇಲ್ಲದ ಹೊಸ ನೋಟುಗಳನ್ನು. ಮೂಲೆ ಹರಿದ ನೂರರ ನೋಟನ್ನು ಬದಲಾಯಿಸುವವನು ದೀಪಕ್ಕೆ ಹಿಡಿದು ನೋಡಿ, ಮಾತಿಲ್ಲದೆ ಕಿಂಡಿಯಿಂದ ಹೊರಗೆ ತಳ್ಳಿದ್ದು ನನಗೆ ಇನ್ನೂ ನೆನಪಿದೆ. ಅಲ್ಲಿನ ನಾಣ್ಯ ಸೊಮ್, ನಾನಿದ್ದಾಗ ಅದರ ಬೆಲೆ ನಮ್ಮ ರೂಪಾಯಿಗೆ ಹೆಚ್ಚು ಕಡಿಮೆ ಸಮವಾಗಿತ್ತು, ಹಾಗಾಗಿ ಅಂಗಡಿಯಲ್ಲಿ ಮನಸ್ಸಿನಲ್ಲೇ ಗುಣಾಕಾರ ಮಾಡುವ ಕಷ್ಟವಿರಲಿಲ್ಲ. ಬೆಟ್ಟದ ಕಡೆಯ ಯರ್ಟ್ ಡೇರೆಗಳಲ್ಲಿ ಕಾರ್ಡು ನಡೆಯುವುದಿಲ್ಲ, ನಗದನ್ನು ಊರಿನಲ್ಲೇ ಹೊಂದಿಸಿಕೊಳ್ಳಿ.

ಮೂರನೆಯದು ಓಶ್ ಬಜಾರ್. ಚಾರಣದ ಬುತ್ತಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಣಗಿಸಿದ ಏಪ್ರಿಕಾಟ್, ಅಕ್ರೋಟು, ಬಾದಾಮಿ, ಒಣದ್ರಾಕ್ಷಿಗಳನ್ನು ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ, ರುಚಿ ನೋಡದೆ ಕೊಂಡರೆ ಅವರೇ ಬೇಸರಪಡುತ್ತಾರೆ. ಗೋಲಿಯಂತೆ ಕಾಣುವ ಬಿಳಿ ಉಂಡೆಗಳಿಗೆ ಕುರುತ್ ಎನ್ನುತ್ತಾರೆ, ಮೊಸರನ್ನು ಬಸಿದು ಉಪ್ಪು ಹಾಕಿ ಒಣಗಿಸಿದ್ದು. ಬಾಯಲ್ಲಿಟ್ಟರೆ ಅರ್ಧ ಗಂಟೆ ಕರಗುವುದಿಲ್ಲ. ಬೆವರಿ ನಡೆಯುವಾಗ ಅದರ ಉಪ್ಪು ಬೇಕೆನಿಸುತ್ತದೆ. ದುಂಡನೆಯ ರೊಟ್ಟಿ, ಅಂದರೆ ಲೆಪ್ಯೋಶ್ಕಾ, ತಂದೂರಿನಿಂದ ಬಂದ ಬಿಸಿಯಲ್ಲೇ ಸಿಗುತ್ತದೆ. ಅದರ ನಡುವೆ ಮೊಳೆಗಳ ಅಚ್ಚು ಒತ್ತಿ ಹೂವಿನ ಗುರುತು ಮೂಡಿಸಿರುತ್ತಾರೆ, ನಡುಭಾಗ ಉಬ್ಬದಿರಲಿ ಎಂದು. ಆ ರೊಟ್ಟಿಯನ್ನು ಮೇಜಿನ ಮೇಲೆ ಬೋರಲು ಇಡಬೇಡಿ. ಇಟ್ಟರೆ ಪಕ್ಕದಲ್ಲಿರುವ ಅಜ್ಜಿ ಏನೂ ಹೇಳದೆ ಅದನ್ನು ಮಗುಚಿ ಇಡುತ್ತಾಳೆ. ಜನಸಂದಣಿಯಲ್ಲಿ ಪಾಸ್‌ಪೋರ್ಟನ್ನು ಮಾತ್ರ ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಅಲ್ಲಿ ಜೇಬುಗಳ್ಳರು ಇದ್ದಾರೆ.

ಇನ್ನೊಂದು ಮಾತು. ಬೀದಿಗಳ ಅಂಚಿನಲ್ಲಿ ಬೆಟ್ಟದ ನೀರು ಹರಿಯುವ ಕಾಲುವೆಗಳಿವೆ, ಅರೀಕ್ ಎನ್ನುತ್ತಾರೆ. ಅಷ್ಟು ಮರಗಳು ಆ ಒಣ ಬಯಲಿನಲ್ಲಿ ನಿಂತಿರುವುದೇ ಅದರಿಂದ. ಹಗಲಲ್ಲಿ ನೋಡಲು ಚೆಂದ, ರಾತ್ರಿ ಬೀದಿದೀಪ ಇಲ್ಲದ ಕಡೆ ಅದರೊಳಗೆ ಕಾಲು ಇಟ್ಟರೆ ಚಾರಣ ಅಲ್ಲಿಗೇ ಮುಗಿಯುತ್ತದೆ. ನನ್ನ ಸಹಪಾಠಿಯೊಬ್ಬ ಕಣಕಾಲು ಮುರಿದುಕೊಂಡದ್ದು ಬೆಟ್ಟದಲ್ಲಲ್ಲ, ಹಾಸ್ಟೆಲಿನ ಮುಂದಿನ ಅರೀಕಿನಲ್ಲಿ.

ಹುಬ್ಬಳ್ಳಿ_ಡಾಕ್ಟರ್

ಎತ್ತರದ ವಿಷಯದಲ್ಲಿ ಒಂದೆರಡು ಮಾತು ಸೇರಿಸುತ್ತೇನೆ. ಅಲಾ-ಕುಲ್ ಸರೋವರ 3,500 ಮೀಟರಿನ ಮೇಲಿದೆ, ನೀವು ದಾಟಬೇಕಾದ ಕಣಿವೆದಾರಿ 3,800 ಮೀಟರನ್ನೂ ಮೀರುತ್ತದೆ. ಸಾಮಾನ್ಯವಾಗಿ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುತ್ತಾರೆ. ಈ ಹಾದಿಯಲ್ಲಿ ಎತ್ತರವನ್ನು ಹಗಲಿನಲ್ಲಿ ಮುಟ್ಟಿ ರಾತ್ರಿಗೆ ಕೆಳಗಿಳಿಯುವುದರಿಂದ ಹಲವರಿಗೆ ತೊಂದರೆಯಾಗುವುದಿಲ್ಲ, ಆದರೆ ತಲೆನೋವಿನ ಜೊತೆಗೆ ವಾಕರಿಕೆ ಅಥವಾ ತೂರಾಟ ಕಂಡರೆ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡದೆ ಇಳಿಯಬೇಕು. ಔಷಧಿ ಬೇಕೇ ಬೇಡವೇ ಎಂಬುದನ್ನು ಚಿಕ್ಕಪ್ಪನವರ ವೈದ್ಯರೇ ಹೇಳಬೇಕು, ಅದನ್ನು ಇಲ್ಲಿ ಕೇಳಿ ತೆಗೆದುಕೊಳ್ಳುವಂಥದ್ದಲ್ಲ.

ಬಿಷ್ಕೆಕ್‌ನಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಅಲಾ-ಅರ್ಚಾ ರಾಷ್ಟ್ರೀಯ ಉದ್ಯಾನವಿದೆ. ವಾಹನದ ದಾರಿ ಮುಗಿಯುವಲ್ಲೇ ಸುಮಾರು 2,150 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಅದು ಮೇಲು. ಅಲ್ಲಿಂದ ಅಕ್-ಸಾಯ್ ಜಲಪಾತದ ಕಡೆಗೆ ಎರಡು ಮೂರು ಗಂಟೆ ಏರಿ ಅದೇ ದಿನ ಇಳಿದು ಬರಬಹುದು. ಗಟ್ಟಿ ಇರುವವರು ಇನ್ನೂ ಮೇಲೆ, 3,300 ಮೀಟರಿನ ಆಸುಪಾಸಿನಲ್ಲಿರುವ ರಾತ್ಸೆಕ್ ತಂಗುದಾಣದವರೆಗೂ ಹೋಗುತ್ತಾರೆ. ಒಂದೇ ದಿನದ ಏರಿಳಿತದಿಂದ ದೇಹ ಎತ್ತರಕ್ಕೆ ಹೊಂದಿಕೊಂಡುಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಹೊಸ ಬೂಟು ಎಲ್ಲಿ ಕಚ್ಚುತ್ತದೆ, ಇಳಿಜಾರಿನಲ್ಲಿ ಮಂಡಿ ಏನು ಹೇಳುತ್ತದೆ, ಅರವತ್ತೊಂದರ ಉಸಿರು ಎಷ್ಟು ಬೇಗ ಹಿಡಿತಕ್ಕೆ ಬರುತ್ತದೆ ಎಂಬುದೆಲ್ಲ ರಸ್ತೆ ಹತ್ತಿರವಿರುವಾಗಲೇ ಗೊತ್ತಾಗುವುದು ಮೇಲು.

ನೇರನಡೆ

ಅಲಾ-ಅರ್ಚಾದ ಮಾತನ್ನು ಒಪ್ಪುತ್ತೇನೆ, ಅದು ಊರಲ್ಲ, ಬೆಟ್ಟ. ಆ್ಯಪ್‌ನಲ್ಲಿ ಟ್ಯಾಕ್ಸಿ ಹಿಡಿದು ಹೋಗುವವರು ಒಂದನ್ನು ಗಮನಿಸಬೇಕು, ಹೋಗುವಾಗ ಸುಲಭವಾಗಿ ಸಿಗುತ್ತದೆ, ಆ ಕಣಿವೆಯಲ್ಲಿ ವಾಪಸು ಕರೆಯಲು ಹೋದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಕಾಯುವ ಕೂಲಿಯನ್ನು ಬೆಳಗ್ಗೆಯೇ ಮಾತಾಡಿಕೊಳ್ಳಿ.

ಬಾದಾಮಿ_ಮೇಷ್ಟ್ರು

ಗ್ಯಾಸು, ಮಂಡಿ, ಡಾಲರುಗಳ ನಡುವೆ ಆ ಊರು ಏನೆಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಮನ್ನಿಸಬೇಕು.

ಬಿಷ್ಕೆಕ್ ಎಂದರೆ ಕಡಗೋಲು. ಹೆಣ್ಣುಕುದುರೆಯ ಹಾಲನ್ನು ಹುಳಿಬರಿಸಿ ಕುಮಿಸ್ ಮಾಡುವಾಗ ಚರ್ಮದ ಚೀಲದೊಳಗೆ ಆಡಿಸುವ ಮರದ ಕೋಲಿಗೆ ಕಿರ್ಗಿಜ್ ಜನ ಹಾಗೆನ್ನುತ್ತಾರೆ, ಊರಿನ ಹೆಸರಿಗೆ ಹೆಚ್ಚಾಗಿ ಹೇಳುವ ಅರ್ಥ ಅದೇ. ಕೋಕಂದದ ಖಾನರು 1825ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆ ಪಿಷ್ಪೆಕ್ ಆಗಿ, ಆ ಬಳಿಕ ಅಲ್ಲೇ ಹುಟ್ಟಿದ ಸೋವಿಯತ್ ಸೇನಾನಿ ಫ್ರುಂಜೆಯ ಹೆಸರನ್ನು ಹೊತ್ತು, ಕೊನೆಗೆ ಮತ್ತೆ ಕಡಗೋಲಿಗೆ ಬಂದು ನಿಂತಿತು. ಅಲಾ-ತೂ ಚೌಕದಲ್ಲಿದ್ದ ಲೆನಿನ್ ಪ್ರತಿಮೆಯನ್ನು 2003ರಲ್ಲಿ ಒಡೆದುಹಾಕದೆ ವಸ್ತುಸಂಗ್ರಹಾಲಯದ ಹಿಂಬದಿಗೆ ಸರಿಸಿದರು. ಮುಂದೆ ಈಗ ಕುದುರೆಯೇರಿದ ಮನಾಸ್ ಇದ್ದಾನೆ. ಅವನ ಹೆಸರಿನ ಮಹಾಕಾವ್ಯವನ್ನು ಬರವಣಿಗೆಯ ನೆರವಿಲ್ಲದೆ ಕಂಠಪಾಠದಲ್ಲೇ ಹಾಡುತ್ತಾ ಬಂದವರನ್ನು ಮನಾಸ್‌ಚಿ ಎನ್ನುತ್ತಾರೆ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರನ್ನು ಕೇಳಿದ ನಮಗೆ ಅವರನ್ನು ಪರಿಚಯಿಸಿಕೊಡಬೇಕಾದ ಅಗತ್ಯವಿಲ್ಲ.

ಕರಾಕೋಲ್‌ಗೆ ಮರ್ಶ್ರೂತ್ಕಾ ಬದಲು ಒಂದು ಕಾರು ಮಾಡಿಕೊಂಡು ಹೋಗಿ ಎಂಬುದು ನನ್ನ ಸಲಹೆ. ಸುಮಾರು 80 ಕಿಲೋಮೀಟರ್ ಪೂರ್ವಕ್ಕೆ ತೊಕ್ಮೊಕ್ ಊರಿನ ಹತ್ತಿರ ಬುರಾನಾ ಗೋಪುರವಿದೆ, 11ನೆಯ ಶತಮಾನದ್ದು, ಬಲಾಸಗುನ್ ನಗರದಿಂದ ನಮಗೆ ಉಳಿದಿರುವುದು ಹೆಚ್ಚುಕಡಿಮೆ ಅದೊಂದೇ. ಮೊದಲು 45 ಮೀಟರ್ ಎತ್ತರವಿದ್ದದ್ದು ಭೂಕಂಪಗಳಿಂದ ಉರುಳಿ ಈಗ 25 ಮೀಟರಿನಷ್ಟಿದೆ. ಒಳಗಿನ ಮೆಟ್ಟಿಲು ಕತ್ತಲು, ಕಡಿದು. ಪಕ್ಕದ ಹುಲ್ಲಿನಲ್ಲಿ ಬಲ್ಬಲ್ ಎಂಬ ಕಲ್ಲುಗಳು ನಿಂತಿವೆ, ಎದೆಯ ಹತ್ತಿರ ಬಟ್ಟಲು ಹಿಡಿದ ಮನುಷ್ಯರ ಹಾಗೆ. ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ ಬೆಳೆದವನಾದ ನಾನು ಅವುಗಳ ಮುಂದೆ ಹೆಚ್ಚು ಹೊತ್ತು ನಿಂತೆ.

ಅಲ್ಲೇ ಸಮೀಪದ ಅಕ್-ಬೆಶಿಮ್ ಹಳೆಯ ಸುಯಾಬ್ ನಗರ. ಸುಮಾರು 630ರಲ್ಲಿ ಚೀನಾದಿಂದ ಭಾರತಕ್ಕೆ ಹೊರಟಿದ್ದ ಹ್ಯೂಯೆನ್‌ತ್ಸಾಂಗ್ ಅಲ್ಲಿ ತುರ್ಕರ ಖಗಾನನನ್ನು ಕಂಡ. ನೀವು ದಾರಿಯಲ್ಲಿ ನೋಡುವ ಇಸಿಕ್-ಕುಲ್ ಸರೋವರವನ್ನು ಅವನು ಬಿಸಿ ಕಡಲೆಂದು ಕರೆದಿದ್ದಾನೆ. 1,600 ಮೀಟರ್ ಎತ್ತರದಲ್ಲಿದ್ದರೂ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವುದಿಲ್ಲ, ಕಿರ್ಗಿಜ್ ಹೆಸರಿಗೂ ಬಿಸಿ ಸರೋವರವೆಂದೇ ಅರ್ಥ. ಅದೇ ಯಾತ್ರಿಕ ಮುಂದೆ ಭಾರತದ ದಕ್ಷಿಣಕ್ಕೆ ಬಂದು ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ವರ್ಣಿಸಿದ. ಬಾದಾಮಿಯ ಶಾಲೆಯಲ್ಲಿ ಇದನ್ನು ವರ್ಷ ವರ್ಷವೂ ಪಾಠ ಮಾಡಿದ ನನಗೆ, ಆ ಮನುಷ್ಯ ನಡೆದ ದೂರ ಎಷ್ಟೆಂದು ಆ ಬಯಲಿನಲ್ಲಿ ನಿಂತಾಗಲೇ ಅರಿವಾದದ್ದು.

ಸಮಯ ಇದ್ದರೆ ಊರಿನ ದಕ್ಷಿಣಕ್ಕಿರುವ ಅತಾ-ಬೆಯಿತ್ ಸ್ಮಾರಕವನ್ನೂ ನೋಡಿ. 1938ರಲ್ಲಿ ಸ್ಟಾಲಿನ್ ಆಡಳಿತ ಗುಂಡಿಟ್ಟು ಕೊಂದ ನೂರಮೂವತ್ತಕ್ಕೂ ಹೆಚ್ಚು ಜನರ ದೇಹಗಳು ಅಲ್ಲಿನ ಇಟ್ಟಿಗೆಗೂಡಿನ ಗುಂಡಿಯಲ್ಲಿ 1991ರಲ್ಲಿ ಸಿಕ್ಕವು. ಆ ಗುಟ್ಟನ್ನು ಅಲ್ಲಿನ ಕಾವಲುಗಾರ ಸಾಯುವ ಮುನ್ನ ಮಗಳಿಗೆ ಹೇಳಿದ್ದ, ಅವಳು ಕಾಲ ಬದಲಾಗುವವರೆಗೆ ಕಾದು ಹೇಳಿದಳು. ಕಾದಂಬರಿಕಾರ ಚಿಂಗಿಜ್ ಐತ್ಮಾತೊವ್ ಅವರ ತಂದೆ ಆ ಗುಂಡಿಯಲ್ಲಿದ್ದರು. 2008ರಲ್ಲಿ ತೀರಿಕೊಂಡ ಮಗನನ್ನೂ ಅಲ್ಲೇ ಮಣ್ಣು ಮಾಡಿದ್ದಾರೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಬರಹವನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ, ಬುರಾನಾ ಈಗ ಬಿಡುವಂತಿಲ್ಲ. ಉಳಿದಿರುವ ಪ್ರಶ್ನೆಗಳು ಎರಡು. ಮೊಟ್ಟೆ ಮಾಂಸ ಮುಟ್ಟದವರು ಅಲ್ಲಿ ಏನು ತಿನ್ನಬೇಕು? 2024ರ ಗಲಾಟೆಯ ಸುದ್ದಿ ಓದಿದ ಚಿಕ್ಕಮ್ಮ ಹೆದರಿದ್ದಾರೆ, ಅವರಿಗೆ ನಾನು ಏನು ಹೇಳಲಿ?

ಓದಿದ್ದು_ಅಲ್ಲೇ

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. 2024ರ ಮೇ 17ರ ರಾತ್ರಿ ವಿದೇಶಿ ವಿದ್ಯಾರ್ಥಿಗಳಿದ್ದ ಹಾಸ್ಟೆಲುಗಳ ಮುಂದೆ ಗುಂಪುಗಳು ಸೇರಿ ಹೊಡೆದಾಟ ನಡೆದದ್ದು ನಿಜ, ನಮ್ಮ ರಾಯಭಾರ ಕಚೇರಿ ವಿದ್ಯಾರ್ಥಿಗಳಿಗೆ ಹೊರಗೆ ಹೋಗಬೇಡಿ ಎಂದು ಸೂಚಿಸಿದ್ದೂ ನಿಜ. ಅದನ್ನು ಸಣ್ಣದೆಂದು ಹೇಳಿ ಚಿಕ್ಕಮ್ಮನವರನ್ನು ಸಮಾಧಾನಪಡಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನಾನು ಅಲ್ಲಿದ್ದ ಆರು ವರ್ಷಗಳಲ್ಲಿ ಪಕ್ಕದ ಮನೆಯ ಅಜ್ಜಿ ಹಬ್ಬಕ್ಕೆ ಬೋರ್ಸೋಕ್ ಕರಿದು ತಂದುಕೊಟ್ಟದ್ದೇ ಹೆಚ್ಚು. ರಾಯಭಾರ ಕಚೇರಿಯ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ತಡರಾತ್ರಿ ಮದ್ಯದಂಗಡಿಗಳ ಸುತ್ತ ಓಡಾಡಬೇಡಿ, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ.

ಊಟದ ವಿಷಯ ಕಷ್ಟವೇ. ಮಾಂಸವಿಲ್ಲದೆ ಕೊಡಿ ಎನ್ನಲು ರಷ್ಯನ್‌ನಲ್ಲಿ ಬೆಜ್ ಮ್ಯಾಸಾ ಎನ್ನಬೇಕು, ಆದರೆ ಹಾಗೆಂದರೆ ಲಗ್ಮಾನ್ ಶಾವಿಗೆಯಿಂದ ತುಂಡುಗಳನ್ನಷ್ಟೇ ತೆಗೆದು ಅದೇ ಸಾರನ್ನು ತಂದಿಡುತ್ತಾರೆ. ಪ್ಲೋವ್ ಅನ್ನದ ಕಥೆಯೂ ಅಷ್ಟೇ. ಬಿಷ್ಕೆಕ್‌ನಲ್ಲಿ ಭಾರತೀಯ ಹೋಟೆಲುಗಳಿರುವುದರಿಂದ ಅಲ್ಲಿ ಚಿಂತೆಯಿಲ್ಲ. ಬಜಾರಿನಲ್ಲಿ ಕೊರಿಯನ್ನರ ಕ್ಯಾರೆಟ್ ಪಚ್ಚಡಿ ಸಿಗುತ್ತದೆ, ಎಳೆಯೆಳೆಯಾಗಿ ತುರಿದು ಬೆಳ್ಳುಳ್ಳಿ, ಕೊತ್ತಂಬರಿ, ಖಾರ ಹಾಕಿದ್ದು, ರೊಟ್ಟಿಯ ಜೊತೆಗೆ ಚೆನ್ನಾಗಿರುತ್ತದೆ. ಬೀದಿಯಲ್ಲಿ ಕೊಡೆಯ ಕೆಳಗೆ ಪೀಪಾಯಿ ಇಟ್ಟು ಮಾರುವ ಚಲಪ್ ನಮ್ಮ ಉಪ್ಪು ಮಜ್ಜಿಗೆಯ ದಾಯಾದಿ. ಕುಮಿಸನ್ನು ಮಾತ್ರ ಚಾರಣ ಮುಗಿದ ಮೇಲೆ ಕುಡಿಯಿರಿ, ಮೊದಲ ಸಲ ಕುಡಿದವರ ಹೊಟ್ಟೆ ಹೇಗಿರುತ್ತದೆಂದು ಹೇಳಲಾಗದು. ಕರಾಕೋಲ್‌ನ ಆಶ್ಲ್ಯಾನ್-ಫು ಎಂಬ ತಣ್ಣನೆಯ ಹುಳಿ ಶಾವಿಗೆಯನ್ನು ಎಲ್ಲರೂ ಹೊಗಳುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ, ಚಿಕ್ಕಪ್ಪನವರಿಗೆ ಬೇಡ. ಬೆಟ್ಟದ ಮೇಲಿನ ಊಟಕ್ಕೆ ಊರಿಂದಲೇ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ ಒಯ್ಯಿರಿ.

ನೇರನಡೆ

ದಿನಗಳ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಿ. ಶುಕ್ರವಾರ ಬಿಷ್ಕೆಕ್‌ನ ಕೆಲಸ, ಶನಿವಾರ ಅಲಾ-ಅರ್ಚಾ, ಭಾನುವಾರ ಬುರಾನಾ ನೋಡಿಕೊಂಡು ಕರಾಕೋಲ್, ಸೋಮವಾರ ಅಲ್ಲಿ ವಿಶ್ರಾಂತಿ. ಚೀಲ ತಡವಾದರೂ ಭಾನುವಾರದೊಳಗೆ ಬಂದಿರುತ್ತದೆ. ಮೂರನೆಯ ರಾತ್ರಿಯನ್ನು ರಾಜಧಾನಿಗೆ ಕೊಡಬಾರದೆಂಬ ನನ್ನ ಹಟವೂ ಉಳಿಯುತ್ತದೆ. ಕಾರಿನಲ್ಲಿ ಬಲಗಡೆ ಕೂತರೆ ಬೆಟ್ಟ, ಸರೋವರ ಎರಡೂ ಕಾಣುತ್ತವೆ, ಮಧ್ಯಾಹ್ನದ ಬಿಸಿಲೂ ಅದೇ ಕಡೆ ಬಡಿಯುತ್ತದೆ.

ತುಂಗಾತೀರ

ಹೋಗಿ ಬಂದು ಎರಡು ವಾರವಾಯಿತು, ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ನೇರನಡೆಯವರ ಲೆಕ್ಕವನ್ನು ಹಾಗೆಯೇ ಅನುಸರಿಸಿದೆವು. ಚೀಲಗಳು ನಾಲ್ಕೂ ಬಂದವು. ಗ್ಯಾಸ್ ಎರಡನೆಯ ಅಂಗಡಿಯಲ್ಲಿ ಸಿಕ್ಕಿತು, ಮೊದಲ ಅಂಗಡಿಯ ಡಬ್ಬಿ ನಮ್ಮ ಒಲೆಗೆ ಕೂರಲಿಲ್ಲ. ತಂದ ಡಾಲರುಗಳಲ್ಲಿ ಒಂದನ್ನು ಶಾಯಿಯ ಚುಕ್ಕೆಯ ಕಾರಣಕ್ಕೆ ಯಾರೂ ಮುಟ್ಟಲಿಲ್ಲ.

ನಮ್ಮ ಪ್ರವಾಸವನ್ನು ನಿಜಕ್ಕೂ ಬದಲಿಸಿದ್ದು ಶನಿವಾರ. ಅಲಾ-ಅರ್ಚಾದಲ್ಲಿ ಏರುವಾಗ ಚಿಕ್ಕಪ್ಪ ನಮಗಿಂತ ಮುಂದಿದ್ದರು, ಒಡೆದ ಹೃದಯವೆಂದು ಕರೆಯುವ ಸೀಳುಬಂಡೆಯ ಹತ್ತಿರ ನಮಗಾಗಿ ಕಾದು ಕೂತು ಕುರುತ್ ಚೀಪುತ್ತಿದ್ದರು. ಇಳಿಯುವಾಗ ಬಲಮಂಡಿ ಕೈಕೊಟ್ಟಿತು. ಕೋಲು ಊರಿಕೊಂಡು, ಪ್ರತಿ ಹತ್ತು ಹೆಜ್ಜೆಗೂ ನಿಂತು, ಎರಡು ಗಂಟೆಯ ದಾರಿಯನ್ನು ನಾಲ್ಕು ಗಂಟೆಯಲ್ಲಿ ಇಳಿದರು. ಆ ರಾತ್ರಿ ಅವರೇ ಹೇಳಿದರು, ಕಣಿವೆದಾರಿಯ ಆಚೆಗಿನ ಕಡಿದಾದ ಇಳಿಜಾರಿಗೆ ನಾನು ಬರುವುದಿಲ್ಲ, ನೀವು ಮೂವರು ಹೋಗಿ ಎಂದು. ಅದನ್ನು 3,800 ಮೀಟರಿನಲ್ಲಿ ತಿಳಿದುಕೊಳ್ಳಬೇಕಾಗಿದ್ದರೆ ಏನಾಗುತ್ತಿತ್ತೋ ಊಹಿಸಲು ಇಷ್ಟವಿಲ್ಲ. ಕರಾಕೋಲ್‌ನಲ್ಲಿ ಅವರಿಗೆ ಒಂದು ಜೀಪು ಗೊತ್ತು ಮಾಡಿದೆವು, ಅಲ್ತಿನ್ ಅರಶಾನಿಗೆ ಅಂಥ ಗಟ್ಟಿ ಗಾಡಿಗಳು ಕಲ್ಲುದಾರಿಯಲ್ಲಿ ಕುಲುಕುತ್ತಾ ಹೋಗುತ್ತವೆ.

ಮೂರನೆಯ ದಿನ ಮಧ್ಯಾಹ್ನ ಮಳೆಯಲ್ಲಿ ನೆನೆದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ನಾವು ಅಲ್ಲಿಗೆ ಇಳಿದಾಗ ಚಿಕ್ಕಪ್ಪ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದರು. ಮಂಡಿ ಹೇಗಿದೆ ಎಂದು ಕೇಳಿದ್ದಕ್ಕೆ, ಅವಲಕ್ಕಿ ಒಗ್ಗರಣೆ ಹಾಕಿ ಒಳಗೆ ಮುಚ್ಚಿಟ್ಟಿದ್ದೇನೆ, ಯರ್ಟಿನ ಹುಡುಗರು ಆಗಲೇ ಎರಡು ಸಲ ಬಡಿಸಿಕೊಂಡಿದ್ದಾರೆ, ಬೇಗ ಹೋಗಿ ತಿನ್ನಿ ಎಂದರು.